ಗ್ಯಾರೇಜಿನ ನೆಲಕ್ಕೆ ಎಪಾಕ್ಸಿ ಬಳಿಯುವ ಮೊದಲು

ಮಿಷಿಗನ್, ಒಹಾಯೊ, ಮಿನ್ನೆಸೋಟಾ ಕಡೆಯ ಮನೆಯ ಗ್ಯಾರೇಜನ್ನು ಮಾರ್ಚ್ ಕೊನೆಯಲ್ಲಿ ನೋಡಬೇಕು. ಹಿಮಗಾಲ ಆಗಷ್ಟೇ ಹಿಂದೆ ಸರಿದಿರುತ್ತದೆ. ಕಾರು ನಿಲ್ಲುವ ಜಾಗದಲ್ಲಿ ಚಕ್ರಗಳ ಸುತ್ತ ಬಿಳಿ ಉಪ್ಪಿನ ಉಂಗುರ, ನಡುವೆ ಎಂಜಿನ್ ಆಯಿಲ್‌ನ ಕಪ್ಪು ಕಲೆ, ಬಾಗಿಲ ಹತ್ತಿರ ಕಾಂಕ್ರೀಟಿನ ಮೇಲ್ಪದರ ಹಪ್ಪಳದಂತೆ ಎದ್ದು ಒಳಗಿನ ಮರಳು, ಜಲ್ಲಿ ಕಾಣುತ್ತಿರುತ್ತದೆ. ರಸ್ತೆಯ ಹಿಮ ಕರಗಲೆಂದು ಅಲ್ಲಿ ಚಳಿಗಾಲವಿಡೀ ಉಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ದೊಡ್ಡ ಉಪ್ಪಿನ ಗಣಿಯೊಂದಿದೆ. ಅಲ್ಲಿ ತೆಗೆದ ಉಪ್ಪು ಹೋಗುವುದು ಮುಖ್ಯವಾಗಿ ರಸ್ತೆಗಳಿಗೇ. ಕಾರಿನ ಅಡಿಗೆ ಅಂಟಿದ ಉಪ್ಪು ಬೆರೆತ ಹಿಮ ಮನೆಗೆ ಬಂದು, ರಾತ್ರಿಯಿಡೀ ತೊಟ್ಟಿಕ್ಕಿ ನೆಲದ ಸೂಕ್ಷ್ಮ ರಂಧ್ರಗಳಿಗೆ ಇಳಿಯುತ್ತದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುವ ಈ ಆಟದಲ್ಲಿ ಕಾಂಕ್ರೀಟಿನ ಚರ್ಮ ಸುಲಿದುಹೋಗುತ್ತದೆ.

ಹಾಗಾಗಿಯೇ ಅಲ್ಲಿ ಮೇ ತಿಂಗಳು ಬಂತೆಂದರೆ ಗ್ಯಾರೇಜಿನ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಕೂಲಿ ದುಬಾರಿಯಾದ ದೇಶ ಅದು. ಬೇಲಿ ಕಟ್ಟುವುದರಿಂದ ಹಿಡಿದು ಗೋಡೆಗೆ ಬಣ್ಣ ಹೊಡೆಯುವವರೆಗೆ ಮನೆಯವರೇ ಮಾಡಿಕೊಳ್ಳುವುದು ರೂಢಿ. ಇಲ್ಲಿಂದ ಹೋಗಿ ಅಲ್ಲಿ ಮನೆ ಮಾಡಿದ ಕನ್ನಡದ ಕುಟುಂಬಗಳೂ ಎರಡು ಮೂರು ವರ್ಷದಲ್ಲಿ ಈ ರೂಢಿಗೆ ಬೀಳುತ್ತವೆ. ಹಾರ್ಡ್‌ವೇರ್ ಮಳಿಗೆಯಲ್ಲಿ ಎಪಾಕ್ಸಿ ಕಿಟ್ ಸಿಗುತ್ತದೆ: ಎರಡು ಭಾಗದ ಬಣ್ಣ, ನೆಲ ತೊಳೆಯಲು ಒಂದು ಪುಡಿ, ಮೇಲೆ ಉದುರಿಸಲು ಬಣ್ಣಬಣ್ಣದ ಚೂರು. ಡಬ್ಬದ ಮೇಲಿನ ಚಿತ್ರದಲ್ಲಿ ಕನ್ನಡಿಯಂಥ ನೆಲ. ಶನಿವಾರ ಶುರುಮಾಡಿ ಭಾನುವಾರ ಮುಗಿಸಬಹುದೆಂಬ ಭರವಸೆ. ನಾಲ್ಕಾರು ತಿಂಗಳಿಗೆ ಅದೇ ನೆಲದಲ್ಲಿ, ಸರಿಯಾಗಿ ಟೈರ್ ನಿಲ್ಲುವ ಜಾಗದಲ್ಲೇ, ಅಂಗೈಯಗಲದ ಬಣ್ಣ ಕಿತ್ತು ಬಂದಿರುತ್ತದೆ.

ಬಣ್ಣ ಕೆಟ್ಟದೆಂದು ಜನ ಅಂದುಕೊಳ್ಳುತ್ತಾರೆ. ಬಹುತೇಕ ಸಲ ಬಣ್ಣದ್ದು ತಪ್ಪಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಇಡೀ ಕೆಲಸದಲ್ಲಿ ಬಣ್ಣ ಬಳಿಯುವುದು ಅತ್ಯಂತ ಸಣ್ಣ ಭಾಗ. ಕೆಲಸದ ಮುಕ್ಕಾಲು ಪಾಲು ಡಬ್ಬದ ಮುಚ್ಚಳ ತೆರೆಯುವ ಮೊದಲೇ ಮುಗಿದಿರಬೇಕು. ನೆಲ ಬಣ್ಣವನ್ನು ಹಿಡಿದುಕೊಳ್ಳುವ ಸ್ಥಿತಿಯಲ್ಲಿದೆಯೇ ಎಂದು ಮೊದಲು ನೆಲವನ್ನೇ ಕೇಳಬೇಕು.

ಕಾಂಕ್ರೀಟು ಗಟ್ಟಿ ಕಲ್ಲಿನಂತೆ ಕಂಡರೂ ಅದರ ಮೈಯೆಲ್ಲ ಸಣ್ಣ ಕೊಳವೆಗಳು. ಕಲಸುವಾಗ ಹಾಕಿದ ನೀರಿನಲ್ಲಿ ಒಂದು ಪಾಲು ಮಾತ್ರ ಸಿಮೆಂಟಿನ ಜೊತೆ ರಾಸಾಯನಿಕವಾಗಿ ಸೇರಿಕೊಳ್ಳುತ್ತದೆ. ಉಳಿದದ್ದು ಆರಿ ಹೋದ ದಾರಿಗಳೇ ಈ ಕೊಳವೆಗಳು. ಕಾಂಕ್ರೀಟು ಹಾಕಿ ಕರಣೆ ಆಡಿಸುವಾಗ ನೀರಿನೊಂದಿಗೆ ಸಿಮೆಂಟ್ ಹಾಲು ಮೇಲಕ್ಕೆ ಬರುವುದನ್ನು ಮನೆ ಕಟ್ಟಿಸಿದವರೆಲ್ಲ ನೋಡಿರುತ್ತಾರೆ. ಅದು ಒಣಗಿ ನೆಲದ ಮೇಲೆ ತೆಳ್ಳಗಿನ, ನುಣುಪಾದ ಪದರವಾಗುತ್ತದೆ. ನೋಡಲು ಚೆಂದ, ಶಕ್ತಿಯಿಲ್ಲ. ಜಲ್ಲಿಯ ಬೆಂಬಲವಿಲ್ಲದ ಬರೀ ಪುಡಿ ಅದು. ಎಪಾಕ್ಸಿ ಈ ಪದರಕ್ಕೆ ಬಲವಾಗಿಯೇ ಅಂಟುತ್ತದೆ, ಆದರೆ ಪದರವೇ ಕಾಂಕ್ರೀಟನ್ನು ಬಿಟ್ಟು ಎದ್ದುಬರುತ್ತದೆ. ಕಿತ್ತುಬಂದ ಬಣ್ಣದ ಚಕ್ಕೆಯನ್ನು ತಿರುಗಿಸಿ ನೋಡಿದರೆ ಈ ಕಥೆ ಅಲ್ಲೇ ಕಾಣುತ್ತದೆ. ಹಿಂಬದಿಯಲ್ಲಿ ಬೂದು ಪುಡಿ ಮೆತ್ತಿದ್ದರೆ ಸೋತದ್ದು ನೆಲ. ಹಿಂಬದಿ ಸ್ವಚ್ಛವಾಗಿ ಹೊಳೆಯುತ್ತಿದ್ದರೆ ಬಣ್ಣ ನೆಲವನ್ನು ಹಿಡಿದೇ ಇರಲಿಲ್ಲ. ಎಣ್ಣೆಯೋ, ಹಿಂದೆ ಯಾರೋ ಹೊಡೆದ ಸೀಲರೋ, ತೇವವೋ ನಡುವೆ ಅಡ್ಡ ಬಂದಿತ್ತು.

ಟೈರ್ ನಿಲ್ಲುವಲ್ಲೇ ಏಕೆ ಕಿತ್ತುಬರುತ್ತದೆ? ಓಡಿ ಬಂದ ಟೈರ್ ಬಿಸಿಯಾಗಿರುತ್ತದೆ. ಆ ಬಿಸಿಗೆ ಅಡಿಯ ಎಪಾಕ್ಸಿ ಪೊರೆ ಮೆದುವಾಗುತ್ತದೆ, ರಬ್ಬರಿನಲ್ಲಿರುವ ಎಣ್ಣೆಯಂಥ ಪದಾರ್ಥಗಳು ಪೊರೆಗೆ ಇಳಿಯುತ್ತವೆ. ಟೈರ್ ತಣಿಯುತ್ತ ಕುಗ್ಗುವಾಗ ಬಣ್ಣವನ್ನು ಹಿಡಿದು ಎಳೆಯುತ್ತದೆ. ಮೇಲೆ ಕಾರಿನ ತೂಕವೂ ಇದೆ. ದಿನಕ್ಕೆ ಒಂದೆರಡು ಸಲ, ವರ್ಷವಿಡೀ, ಅದೇ ನಾಲ್ಕು ಜಾಗದಲ್ಲಿ ಈ ಎಳೆತ ನಡೆಯುತ್ತದೆ. ಅಂಟು ಎಲ್ಲಿ ದುರ್ಬಲವೋ ಅಲ್ಲಿ ಬಿಟ್ಟುಕೊಳ್ಳುತ್ತದೆ.

ನೆಲವನ್ನು ಕೇಳುವ ಮೊದಲ ವಿಧಾನಕ್ಕೆ ಬೇಕಾದ್ದು ಒಂದು ಲೋಟ ನೀರು. ಗುಡಿಸಿದ ನೆಲದ ಮೇಲೆ ನಾಲ್ಕಾರು ಕಡೆ ಒಂದೊಂದು ಚಮಚ ಹಾಕಿ, ಬಗ್ಗಿ ಕೂತು ನೋಡಿ. ಹನಿ ಹರಡಿ, ಅಂಚು ಮಸುಕಾಗಿ, ಒಂದೆರಡು ನಿಮಿಷದಲ್ಲಿ ನೆಲ ಕಪ್ಪಗಾಗಿ ನೀರನ್ನು ಕುಡಿದರೆ ರಂಧ್ರಗಳು ತೆರೆದಿವೆ ಎಂದರ್ಥ. ಕೆಸುವಿನೆಲೆಯ ಮೇಲೆ ಕೂತಂತೆ ದುಂಡಗೆ ನಿಂತುಬಿಟ್ಟರೆ ಅಲ್ಲಿ ಎಣ್ಣೆಯಿದೆ ಅಥವಾ ಸೀಲರ್ ಇದೆ. ಅದೇ ನೆಲದಲ್ಲಿ ಗೋಡೆಯಂಚಿಗೆ ನೀರು ಇಂಗಿ, ಕಾರು ನಿಲ್ಲುವಲ್ಲಿ ನಿಂತುಕೊಳ್ಳುವುದು ಸಾಮಾನ್ಯ. ಆದ್ದರಿಂದ ಒಂದೇ ಕಡೆ ನೋಡಿ ಸಮಾಧಾನಪಟ್ಟುಕೊಳ್ಳಬಾರದು.

ಎರಡನೆಯದು ಕೆಳಗಿನಿಂದ ಏರುವ ತೇವದ ಪರೀಕ್ಷೆ. ಇದನ್ನು ಬಿಡುವವರೇ ಹೆಚ್ಚು. ನೆಲದ ಅಡಿಯ ಮಣ್ಣಿನಲ್ಲಿರುವ ತೇವ ಆವಿಯಾಗಿ ಕಾಂಕ್ರೀಟಿನ ಕೊಳವೆಗಳ ಮೂಲಕ ಸದಾ ಮೇಲೆ ಬರುತ್ತಿರುತ್ತದೆ. ಬರಿ ನೆಲದಲ್ಲಿ ಅದು ಗಾಳಿಗೆ ಸೇರಿ ಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಎಪಾಕ್ಸಿ ಬಳಿದರೆ ಹೋಗುವ ದಾರಿ ಮುಚ್ಚಿತು. ಪೊರೆಯ ಅಡಿಯಲ್ಲಿ ತೇವ ಕೂಡಿ, ಗುಳ್ಳೆಯೆದ್ದು, ಹಾಳೆಹಾಳೆಯಾಗಿ ಬಿಡಿಸಿಕೊಳ್ಳುತ್ತದೆ. ಕಾಂಕ್ರೀಟು ಸುರಿಯುವ ಮೊದಲು ಮಣ್ಣಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ದರೆ ಈ ತೊಂದರೆ ಇಲ್ಲ. ಆದರೆ ಹಳೆಯ ಗ್ಯಾರೇಜುಗಳ ಅಡಿ ಆ ಹಾಳೆ ಇರುವುದು ಅಪರೂಪ.

ಪರೀಕ್ಷೆ ಸುಲಭ. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗಾಳಿಯಾಡದಂತೆ ಟೇಪಿನಿಂದ ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆ ಬಿಡಬೇಕು. ಬೆಳಿಗ್ಗೆ ಎತ್ತಿ ನೋಡಿದಾಗ ಹಾಳೆಯ ಒಳಬದಿ ಬೆವರಿದ್ದರೆ ಅಥವಾ ಆ ಚೌಕ ಸುತ್ತಲ ನೆಲಕ್ಕಿಂತ ಕಪ್ಪಗಾಗಿದ್ದರೆ ಎಪಾಕ್ಸಿಯ ಆಸೆ ಬಿಡುವುದೇ ಒಳ್ಳೆಯದು. ಅಂಥ ನೆಲಕ್ಕೆ ಸಿಲಿಕೇಟ್ ದ್ರಾವಣವೊಂದನ್ನು ಉಣಿಸಬಹುದು. ಅದು ಮೇಲೆ ಪೊರೆ ಕಟ್ಟುವುದಿಲ್ಲ. ಒಳಗಿಳಿದು ಕಾಂಕ್ರೀಟಿನಲ್ಲಿರುವ ಸುಣ್ಣದೊಂದಿಗೆ ಸೇರಿ ರಂಧ್ರಗಳನ್ನು ಬಿಗಿಯಾಗಿಸುತ್ತದೆ. ನೆಲದಿಂದ ಪುಡಿ ಏಳುವುದು ನಿಲ್ಲುತ್ತದೆ, ಆವಿಗೆ ದಾರಿಯೂ ಉಳಿಯುತ್ತದೆ. ಹೊಳಪು, ಬಣ್ಣ ಬರುವುದಿಲ್ಲ, ಅಷ್ಟೇ.

ಪರೀಕ್ಷೆ ದಾಟಿದ ನೆಲಕ್ಕೆ ನಿಜವಾದ ದುಡಿಮೆ ಕಾದಿರುತ್ತದೆ. ಎಣ್ಣೆಯ ಕಲೆಯನ್ನು ಡಿಗ್ರೀಸರ್ ಹಾಕಿ, ಗಟ್ಟಿ ಬ್ರಷ್‌ನಿಂದ ಉಜ್ಜಿ, ತೊಳೆದು, ಮತ್ತೆ ನೀರಿನ ಹನಿ ಹಾಕಿ ನೋಡಬೇಕು. ನಿಂತರೆ ಮತ್ತೆ ಉಜ್ಜಬೇಕು. ವರ್ಷಗಟ್ಟಲೆ ಇಂಗಿದ ಎಣ್ಣೆ ಒಂದೇ ತೊಳೆತಕ್ಕೆ ಹೋಗುವುದಿಲ್ಲ. ಮೇಲೆ ಒಣಗಿದಂತೆ ಕಂಡು ಮರುದಿನ ಒಳಗಿನಿಂದ ಮತ್ತೆ ಒಸರುತ್ತದೆ.

ಆಮೇಲೆ ಆ ದುರ್ಬಲ ಮೇಲ್ಪದರವನ್ನು ತೆಗೆಯಬೇಕು. ದಾರಿ ಎರಡು, ಆಸಿಡ್ ಅಥವಾ ಗ್ರೈಂಡರ್. ಕಿಟ್‌ಗಳಲ್ಲಿ ಬರುವ ಪುಡಿ ಸಾಮಾನ್ಯವಾಗಿ ಸಿಟ್ರಿಕ್ ಆಮ್ಲ. ಇನ್ನೂ ತೀಕ್ಷ್ಣವಾದದ್ದು ಹೈಡ್ರೋಕ್ಲೋರಿಕ್ ಆಮ್ಲ, ನಮ್ಮಲ್ಲಿ ಬಾತ್‌ರೂಮ್ ತೊಳೆಯಲು ತರುವ ಆಸಿಡ್. ಆಮ್ಲ ಸಿಮೆಂಟಿನ ಸುಣ್ಣವನ್ನು ಕರಗಿಸುತ್ತ ಬುರುಗು ಏಳುತ್ತದೆ. ನೆಲ ಸಣ್ಣ ಉಪ್ಪು ಕಾಗದದಷ್ಟು ಒರಟಾಗುತ್ತದೆ. ಬುರುಗು ಏಳದ ಜಾಗದಲ್ಲಿ ಆಮ್ಲ ನೆಲವನ್ನು ಮುಟ್ಟಿಲ್ಲ. ಆಸಿಡನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಸಿಡ್‌ಗೆ ಹಾಕಬಾರದು. ಕನ್ನಡಕ, ರಬ್ಬರ್ ಗ್ಲೌಸ್, ಬೂಟು ಇಲ್ಲದೆ ಮುಟ್ಟಲೇಬಾರದು. ಕೆಲಸ ಮುಗಿದ ಮೇಲೆ ಅಡುಗೆ ಸೋಡಾ ನೀರಿನಿಂದ ಆಮ್ಲವನ್ನು ಕೊಂದು, ಧಾರಾಳ ನೀರಿನಲ್ಲಿ ತೊಳೆಯಬೇಕು. ಉಳಿದ ಲವಣದ ಪುಡಿ ಒಣಗಿದರೆ ಅದೂ ಒಂದು ಅಂಟದ ಪದರವೇ. ತೊಳೆದ ನೀರನ್ನು ನೆಲ ಕುಡಿದಿರುವುದರಿಂದ ಮತ್ತೆ ದಿನಗಟ್ಟಲೆ ಒಣಗಲು ಬಿಡಬೇಕು.

ನಾನು ಗ್ರೈಂಡರಿನ ಪಕ್ಷ. ವಜ್ರದ ಕಣ ಕೂಡಿಸಿದ ಬಿಲ್ಲೆಯ ಯಂತ್ರವನ್ನು ಬಾಡಿಗೆಗೆ ತಂದು ನೆಲದ ಒಂದು ಪದರ ತೆಗೆದರೆ ಹಳೆಯ ಸೀಲರ್, ಬಣ್ಣ, ಸಿಮೆಂಟ್ ಹಾಲು ಎಲ್ಲ ಒಟ್ಟಿಗೆ ಹೋಗುತ್ತದೆ, ನೆಲ ಒದ್ದೆಯಾಗುವುದಿಲ್ಲ. ಆದರೆ ಇಲ್ಲಿ ದೂಳಿನ ಅಪಾಯವಿದೆ. ಕಾಂಕ್ರೀಟಿನ ಮರಳು, ಜಲ್ಲಿಯಲ್ಲಿರುವ ಸಿಲಿಕಾ ಕಣ್ಣಿಗೆ ಕಾಣದಷ್ಟು ಸಣ್ಣ ದೂಳಾಗಿ ಶ್ವಾಸಕೋಶದ ಆಳಕ್ಕೆ ಹೋಗಿ ಕೂರುತ್ತದೆ, ಹೊರಗೆ ಬರುವುದಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆದ ಎಷ್ಟೋ ಕಾರ್ಮಿಕರ ಉಸಿರು ಕಿತ್ತುಕೊಂಡ ಸಿಲಿಕೋಸಿಸ್ ಇದೇ ದೂಳಿನಿಂದ ಬರುವ ರೋಗ. ಅದಕ್ಕೆ ಇಂದಿಗೂ ಗುಣಪಡಿಸುವ ಔಷಧವಿಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2016ರಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಈ ದೂಳಿನ ಮಿತಿಯನ್ನು ಒಂದು ಘನ ಮೀಟರಿಗೆ 50 ಮೈಕ್ರೋಗ್ರಾಮಿಗೆ ಇಳಿಸಿತು. ವ್ಯಾಕ್ಯೂಮ್ ಜೋಡಿಸದ ಗ್ರೈಂಡರ್ ಮುಚ್ಚಿದ ಶೆಡ್ಡಿನಲ್ಲಿ ಕ್ಷಣಮಾತ್ರದಲ್ಲಿ ಆ ಮಿತಿ ದಾಟಿಸುತ್ತದೆ. ಒಂದು ದಿನ ಕೆಲಸ ಮಾಡುವ ಮನೆಯವರಿಗಿಂತ, ದಿನವೂ ಇದನ್ನೇ ಮಾಡುವ ಹುಡುಗರ ಅಪಾಯ ಎಷ್ಟೋ ಪಟ್ಟು ದೊಡ್ಡದು. ಬೆಂಗಳೂರಿನ ಕಟ್ಟಡಗಳಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ನೆಲ ಉಜ್ಜುವವರನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಟವೆಲ್ ಈ ದೂಳನ್ನು ತಡೆಯುವುದಿಲ್ಲ. ನಿಮ್ಮ ಮನೆಗೆ ಈ ಕೆಲಸಕ್ಕೆ ಜನ ಬಂದರೆ ಎನ್-95 ದರ್ಜೆಗೆ ಕಡಿಮೆಯಿಲ್ಲದ ಮಾಸ್ಕ್ ನೀವೇ ತಂದುಕೊಡಿ, ವ್ಯಾಕ್ಯೂಮ್ ಇರುವ ಯಂತ್ರವನ್ನೇ ತರಲು ಹೇಳಿ.

ಬಿರುಕುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಳೆಯುವುದು ನಿಂತ ಬಿರುಕನ್ನು ಕೆತ್ತಿ ಅಗಲಿಸಿ ಎಪಾಕ್ಸಿ ಪುಟ್ಟಿ ತುಂಬಿ ಸಮ ಮಾಡಬಹುದು. ಸ್ಲಾಬು ಬಿಸಿಲು ಚಳಿಗೆ ಹಿಗ್ಗಿ ಕುಗ್ಗಲೆಂದು ಬಿಟ್ಟ ಜಾಯಿಂಟ್‌ಗಳನ್ನು ಗಟ್ಟಿ ಪುಟ್ಟಿಯಿಂದ ಮುಚ್ಚಬಾರದು. ಮುಚ್ಚಿದರೆ ಅದರ ಮೇಲಿನ ಬಣ್ಣ ಮೊದಲ ಚಳಿಗಾಲದಲ್ಲೇ ಸೀಳುತ್ತದೆ.

ಇಷ್ಟಾದ ಮೇಲೆ ಡಬ್ಬ ತೆರೆಯಬಹುದು. ಎಪಾಕ್ಸಿ ನಮಗೆ ಹೊಸದಲ್ಲ. ಮುರಿದ ಹಿಡಿಕೆ, ಒಡೆದ ಪಿಂಗಾಣಿ ಅಂಟಿಸಲು ಎರಡು ಟ್ಯೂಬು ಬೆರೆಸುವ ಅರಾಲ್ಡೈಟ್ ಅದೇ ಕುಲದ್ದು. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್, ಅಮೆರಿಕದ ಸಿಲ್ವನ್ ಗ್ರೀನ್‌ಲೀ ಎಂಬ ರಸಾಯನ ವಿಜ್ಞಾನಿಗಳ ಕೆಲಸದಿಂದ 1930-40ರ ದಶಕಗಳಲ್ಲಿ ಹುಟ್ಟಿದ ಈ ಪದಾರ್ಥವನ್ನು ಸೀಬಾ ಕಂಪನಿ ಅರಾಲ್ಡೈಟ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಗೋಡೆಯ ಬಣ್ಣ ನೀರು ಆರಿ ಒಣಗುತ್ತದೆ. ಎಪಾಕ್ಸಿ ಹಾಗೆ ಒಣಗುವುದಲ್ಲ. ರೆಸಿನ್ ಮತ್ತು ಹಾರ್ಡ್‌ನರ್ ಒಂದರೊಡನೊಂದು ಕೈ ಜೋಡಿಸಿ ಬಲೆಯಾಗಿ ಹೆಣೆದುಕೊಳ್ಳುತ್ತವೆ. ಹೆಣೆದುಕೊಳ್ಳುವಾಗ ಬಿಸಿ ಹುಟ್ಟುತ್ತದೆ, ಬಿಸಿ ಕ್ರಿಯೆಯನ್ನು ಇನ್ನೂ ಚುರುಕುಗೊಳಿಸುತ್ತದೆ. ಬೆರೆಸಿದ್ದನ್ನು ಬಕೆಟ್ಟಿನಲ್ಲೇ ಬಿಟ್ಟರೆ ಬಕೆಟ್ ಮುಟ್ಟಲಾಗದಷ್ಟು ಕಾದು, ಹೊಗೆಯಾಡಿ, ಒಳಗಿನದು ಗಡ್ಡೆ ಕಟ್ಟುತ್ತದೆ. ಅದನ್ನೇ ನೆಲದ ಮೇಲೆ ಸುರಿದು ತೆಳ್ಳಗೆ ಹರಡಿದರೆ ಬಿಸಿ ಕಾಂಕ್ರೀಟಿಗೆ ಇಳಿದು ನಿಮಗೆ ಸಮಯ ಸಿಗುತ್ತದೆ. ಹೀಗಾಗಿ ಬೆರೆಸಿದ ತಕ್ಷಣ ಉದ್ದನೆಯ ಪಟ್ಟಿಯಾಗಿ ನೆಲಕ್ಕೆ ಸುರಿದುಬಿಡಬೇಕು. ಅಳತೆ ತಪ್ಪಬಾರದು. ಬೇಗ ಗಟ್ಟಿಯಾಗಲೆಂದು ಹಾರ್ಡ್‌ನರ್ ಹೆಚ್ಚು ಹಾಕಿದರೆ ಜೋಡಿ ಸಿಗದೆ ಉಳಿದದ್ದು ನೆಲವನ್ನು ಕೊನೆಯವರೆಗೂ ಜಿಗುಟಾಗಿಯೇ ಇಡುತ್ತದೆ.

ಈ ಹಂತಕ್ಕೆ ಇಬ್ಬರು ಬೇಕು. ಒಬ್ಬರು ಬೆರೆಸಿ ಸುರಿಯುತ್ತ, ಇನ್ನೊಬ್ಬರು ರಬ್ಬರ್ ವೈಪರ್‌ನಿಂದ ಎಳೆದು ರೋಲರ್ ಆಡಿಸುತ್ತ, ಹಿಂದಿನ ಗೋಡೆಯಿಂದ ಬಾಗಿಲ ಕಡೆಗೆ ಬರಬೇಕು. ಮೊದಲು ಅಡ್ಡ, ಆಮೇಲೆ ಉದ್ದ. ರೋಲರ್‌ನ ಜಿಗುಟು ಸದ್ದು ಬದಲಾದರೆ, ಎಳೆದಲ್ಲಿ ದಾರದಂಥ ಎಳೆ ಎದ್ದರೆ, ಆ ಬಕೆಟ್ಟಿನ ಆಯುಸ್ಸು ಮುಗಿಯಿತು. ಉಳಿದದ್ದನ್ನು ಬಳಿಯಲು ಹೋಗಬೇಡಿ. ಬಣ್ಣ ಹಸಿಯಿರುವಾಗಲೇ ಚೂರುಗಳನ್ನು ನೆಲಕ್ಕೆಸೆಯದೆ ಮೇಲಕ್ಕೆ ತೂರಬೇಕು. ಆಗ ಒಂದೇ ಕಡೆ ಗುಂಪಾಗದೆ ಹರಡಿ ಬೀಳುತ್ತವೆ. ಒದ್ದೆ ಎಪಾಕ್ಸಿ ನೆಲದ ಮೇಲೆ ಕಾಲು ಜಾರುವುದು ಭೀಕರವಾಗಿರುತ್ತದೆ. ಆದ್ದರಿಂದ ಮೇಲಿನ ಕೋಟಿನಲ್ಲಿ ಸಣ್ಣ ಅಲ್ಯೂಮಿನಿಯಂ ಆಕ್ಸೈಡ್ ಹರಳು ಸೇರಿಸುವುದನ್ನು ಮರೆಯಬಾರದು. ಮನೆಯಲ್ಲಿ ವಯಸ್ಸಾದವರಿದ್ದರಂತೂ ಇದು ಕಡ್ಡಾಯ. ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ತಾಗಿ ಒಮ್ಮೆ ಅಲರ್ಜಿ ಹತ್ತಿಕೊಂಡರೆ ಜೀವಮಾನವಿಡೀ ಬಿಡದೇ ಇರಬಹುದು. ನೈಟ್ರೈಲ್ ಗ್ಲೌಸ್ ಹಾಕಿ. ಕೈಗೆ ತಾಗಿದ್ದನ್ನು ಥಿನ್ನರ್‌ನಿಂದ ಒರೆಸಬೇಡಿ, ಸೋಪಿನಲ್ಲಿ ತೊಳೆಯಿರಿ.

ದಪ್ಪದ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ, ಕೊಳ್ಳುವಾಗ ಉಪಯೋಗಕ್ಕೆ ಬರುತ್ತದೆ. ಆರಿ ಹೋಗುವ ಅಂಶವೇನೂ ಇಲ್ಲದ ಎಪಾಕ್ಸಿ ಒಂದು ಲೀಟರ್, ಕಾಲು ಮಿಲಿಮೀಟರ್ ದಪ್ಪಕ್ಕೆ 4 ಚದರ ಮೀಟರ್ ಮುಚ್ಚುತ್ತದೆ. 20 ಅಡಿಗೆ 20 ಅಡಿಯ, ಎರಡು ಕಾರಿನ ಗ್ಯಾರೇಜು ಸುಮಾರು 37 ಚದರ ಮೀಟರ್. ಅಂದರೆ ಒಂದು ಕೋಟಿಗೆ ಒಂಬತ್ತು ಲೀಟರಿಗಿಂತ ಹೆಚ್ಚೇ ಬೇಕು. ಅಗ್ಗದ ಕಿಟ್‌ಗಳಲ್ಲಿ ನೀರು ಬೆರೆತ ಎಪಾಕ್ಸಿ ಇರುತ್ತದೆ. ಅರ್ಧದಷ್ಟು ನೀರಿದ್ದರೆ ಆರಿದ ಮೇಲೆ ಉಳಿಯುವ ದಪ್ಪವೂ ಅರ್ಧವೇ. ಡಬ್ಬದ ಬೆಲೆ ನೋಡುವ ಬದಲು ಒಣಗಿದ ಮೇಲೆ ಉಳಿಯುವ ಘನಾಂಶ ಎಷ್ಟೆಂದು ಓದಿ. ಪಾಲಿಆಸ್ಪಾರ್ಟಿಕ್ ಎಂಬ ಇನ್ನೊಂದು ಜಾತಿಯ ಲೇಪನ ಬಿಸಿಲಿಗೆ ಹಳದಿಯಾಗುವುದಿಲ್ಲ, ಒಂದೇ ದಿನದಲ್ಲಿ ಮುಗಿಯುತ್ತದೆ. ಆದರೆ ಬೆರೆಸಿದ ಮೇಲೆ ಸಿಗುವ ಸಮಯ ಬಹಳ ಕಡಿಮೆ. ಮೊದಲ ಸಲ ಕೈ ಹಾಕುವವರಿಗೆ ಅದು ಬೇಡ.

ಹವೆ ಕೂಡ ಕೆಲಸ ಕೆಡಿಸಬಲ್ಲದು. ಗಾಳಿಯ ತೇವ ತಣ್ಣಗಿನ ನೆಲದ ಮೇಲೆ ಇಬ್ಬನಿಯಾಗಿ ಕೂರುವ ಉಷ್ಣತೆಗಿಂತ ನೆಲ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು ಎಂಬುದು ನಿಯಮ. ಮಳೆಗಾಲದಲ್ಲಿ 28 ಡಿಗ್ರಿ ಉಷ್ಣತೆ, ಶೇ 80 ಆರ್ದ್ರತೆ ಇದ್ದರೆ ಇಬ್ಬನಿ ಕೂರುವುದು 24 ಡಿಗ್ರಿಯ ಆಸುಪಾಸಿನಲ್ಲಿ. ಮಂಗಳೂರು, ಉಡುಪಿಯಲ್ಲಿ ನೆರಳಿನ ನೆಲ ಆಗ ಅದಕ್ಕೆ ತೀರಾ ಹತ್ತಿರದಲ್ಲಿರುತ್ತದೆ. ಅಂಥ ದಿನ ಬಳಿದರೆ ಹಾರ್ಡ್‌ನರ್ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಣದಂಥ ಜಿಡ್ಡು ಮೇಲೆ ಕಟ್ಟುತ್ತದೆ. ಸೋಪಿನ ನೀರಿನಿಂದ ಅದನ್ನು ತೊಳೆಯದೆ ಎರಡನೇ ಕೋಟ್ ಹೊಡೆದರೆ ಎರಡು ಕೋಟುಗಳ ನಡುವೆಯೇ ಬಿಟ್ಟುಕೊಳ್ಳುತ್ತದೆ. ಬಳಿದ ಮರುದಿನ ನಡೆದಾಡಬಹುದು. ಕಾರು ತರಲು ವಾರ ಕಾಯುವುದು ಕ್ಷೇಮ.

ನಮ್ಮೂರಿನ ಮನೆಗಳಿಗೆ ಇದು ಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ನೇರವಾಗಿದೆ. ತೆರೆದ ಪೋರ್ಟಿಕೋಗೆ ಬೇಡ. ಬಿಸಿಲು ನೇರ ಬೀಳುವಲ್ಲಿ ಎಪಾಕ್ಸಿ ಹಳದಿಗಟ್ಟಿ, ಹೊಳಪು ಕಳೆದು, ಪುಡಿಪುಡಿಯಾಗುತ್ತದೆ. ಅಲ್ಲಿಗೆ ಸಾದರಹಳ್ಳಿ ಕಲ್ಲು, ಶಹಾಬಾದ್ ಕಲ್ಲು, ಪಾರ್ಕಿಂಗ್ ಟೈಲ್ಸ್ ಇವೆ. ಅವುಗಳಷ್ಟು ಬಾಳುವ ಬಣ್ಣ ಯಾವುದೂ ಇಲ್ಲ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಇಷ್ಟು ವರ್ಷ ಬಾಳಿದ್ದಕ್ಕೂ ಇದೇ ಕಾರಣ: ಬಣ್ಣ ಮೇಲಿನ ಪೊರೆಯಲ್ಲ, ಗಾರೆಯಲ್ಲೇ ಬೆರೆತದ್ದು. ಮುಚ್ಚಿದ ಕಾರ್ ಶೆಡ್ಡು, ಸಣ್ಣ ವರ್ಕ್‌ಶಾಪು, ಗೋದಾಮು, ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿಗೆ ಎಪಾಕ್ಸಿ ಒಳ್ಳೆಯದೇ. ಎಣ್ಣೆ ಬಿದ್ದರೆ ಒರೆಸಿದಾಗ ಹೋಗುತ್ತದೆ, ಪುಡಿ ಏಳುವುದಿಲ್ಲ, ಬೆಳಕೂ ಹೆಚ್ಚುತ್ತದೆ. ನೆಲಮಾಳಿಗೆಯಲ್ಲಿ ತೇವದ ಪರೀಕ್ಷೆಯನ್ನು ಮಾತ್ರ ಎರಡು ಪಟ್ಟು ಎಚ್ಚರದಿಂದ ಮಾಡಬೇಕು.

ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಇನ್ನೊಂದು ಸಂಗತಿಯಿದೆ, ಅಮೆರಿಕದ ಕಿಟ್‌ನ ಸೂಚನೆಯಲ್ಲಿ ಅದು ಸಿಗುವುದಿಲ್ಲ. ಕಾರು ನಿಲ್ಲುವ ಜಾಗದ ಅಡಿಯಲ್ಲೇ ಅನೇಕರ ಮನೆಯ ಸಂಪು ಇರುತ್ತದೆ. ವರ್ಷವಿಡೀ ನೀರು ತುಂಬಿದ ತೊಟ್ಟಿಯ ಮೇಲಿನ ಸ್ಲಾಬು ಯಾವತ್ತೂ ಪೂರ್ತಿ ಒಣಗುವುದಿಲ್ಲ. ಶೆಡ್ಡಿನ ಉಳಿದ ಭಾಗ ಪರೀಕ್ಷೆಯಲ್ಲಿ ಗೆದ್ದರೂ ಸಂಪಿನ ಮೇಲಿನ ಭಾಗ ಸೋಲಬಹುದು, ಹೀಗಾಗಿ ಅಲ್ಲಿ ಬೇರೆಯಾಗಿಯೇ ಹಾಳೆ ಅಂಟಿಸಿ ನೋಡಿ. ಬೆವರಿದರೆ ಆ ಭಾಗಕ್ಕೆ ಎಪಾಕ್ಸಿ ಬಳಿಯದೆ ಬಿಡಿ. ಸಂಪಿನ ಮುಚ್ಚಳದ ಸುತ್ತ ಆಸಿಡ್ ತೊಳೆತ ಮಾಡಲೇಬೇಡಿ. ಕುಡಿಯುವ ನೀರಿಗೆ ಇಳಿಯುತ್ತದೆ. ಗ್ರೈಂಡರ್ ಆಡಿಸುವಾಗಲೂ ಮುಚ್ಚಳದ ಸಂದಿಗೆ ಪ್ಲಾಸ್ಟಿಕ್ ಹೊದಿಸಿ ಟೇಪ್ ಹಾಕಿ.

ಮಾಡಿಯೇ ತೀರಬೇಕೆಂದಿದ್ದರೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಬೇಡಿ, ಆಗ ಎಲ್ಲ ನೆಲವೂ ಒಣಗಿದಂತೆಯೇ ಕಾಣುತ್ತದೆ. ಮಣ್ಣು ಚೆನ್ನಾಗಿ ನೆನೆದಿರುವ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಹಾಳೆ ಅಂಟಿಸಿ ನೋಡಿ. ಆಗಲೂ ಅದು ಒಣಗಿದ್ದರೆ, ಫೆಬ್ರುವರಿಯಲ್ಲಿ ಬಣ್ಣದ ಅಂಗಡಿಗೆ ಹೋಗಿ.